ಗರಿಕೆ, ಕೆರೆ ಮತ್ತು ಹದಿನೆಂಟು ಕುಳಿ

ದೇವನಹಳ್ಳಿಯಿಂದ ನಂದಿಬೆಟ್ಟದ ಕಡೆ ಹೊರಟರೆ ರಸ್ತೆಯ ಬದಿಯಲ್ಲಿ ದ್ರಾಕ್ಷಿ ಚಪ್ಪರ, ಅಲ್ಲೊಂದು ಇಲ್ಲೊಂದು ಚಕ್ಕೋತದ ಮರ, ರಾಗಿ ಹೊಲ, ನೀಲಗಿರಿ ತೋಪು. ಎಲ್ಲವೂ ಕೆಂಪು ಮಣ್ಣಿನ ಮೇಲೆ. ಕುಂದಾಣ ಹೋಬಳಿಯ ಕಾರಹಳ್ಳಿಯ ಬಳಿ ಮಾತ್ರ ಬೇಸಿಗೆಯಲ್ಲೂ ಬಣ್ಣಗೆಡದ ಹಸಿರು ಹಾಸೊಂದಿದೆ. ಅದು ಪ್ರೆಸ್ಟೀಜ್ ಗಾಲ್ಫ್‌ಶೈರ್ ಎಂಬ ಹದಿನೆಂಟು ಕುಳಿಗಳ ಗಾಲ್ಫ್ ಮೈದಾನ. ಹುಲ್ಲಿನ ನಡುವೆ ಬಿಳಿ ಮರಳಿನ ಗುಂಡಿಗಳು, ಅವುಗಳಾಚೆ ಕೊಳಗಳು, ಕೊಳಗಳಾಚೆ ಬೆಟ್ಟದ ಸಾಲು.

ಗಾಲ್ಫ್ ಎಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ಸಿರಿವಂತರ ವಾಯುವಿಹಾರ. ಚೆಂಡನ್ನು ಬಾರಿಸುವುದು, ಅದರ ಹಿಂದೆ ನಡೆಯುವುದು, ಮತ್ತೆ ಬಾರಿಸುವುದು. ಇದರಲ್ಲಿ ತಲೆ ಓಡಿಸುವಂಥದ್ದು ಏನಿದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಸಿಗುವುದು ಬರೀ ಆಟದ ಕಥೆಯಲ್ಲ. ನೀರಿಲ್ಲದ ಸೀಮೆಯಲ್ಲಿ ನೀರಿನ ಕಥೆಯೂ ಅದರೊಂದಿಗೆ ಸಿಗುತ್ತದೆ.

ಮೊದಲು ಆಟದ ಲೆಕ್ಕ. ನೆಲದಲ್ಲಿ ಗುಳಿ ತೋಡಿ ಗೋಲಿ ಆಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗೋಲಿಯನ್ನು ನೇರ ಗುಳಿಗೇ ಬಿಡಬೇಕೆ, ಇಲ್ಲವೇ ಗುಳಿಯ ಸಮೀಪ ನಿಲ್ಲಿಸಿ ಮುಂದಿನ ಸರದಿಗೆ ಕಾಯಬೇಕೆ? ಆ ಲೆಕ್ಕವೇ ಗಾಲ್ಫಿನಲ್ಲೂ ಇರುವುದು. ದೂರ ಮಾತ್ರ ಕೈ ಅಳತೆಯದಲ್ಲ, ನೂರಾರು ಗಜದ್ದು. ಆಟ ಆರಂಭವಾಗುವ ಕಟ್ಟೆಗೆ ‘ಟೀ’ ಎನ್ನುತ್ತಾರೆ. ಅಲ್ಲಿಂದ ಕುಳಿಯವರೆಗಿನ ಕತ್ತರಿಸಿದ ಹುಲ್ಲಿನ ಹಾದಿ ‘ಫೇರ್‌ವೇ’. ಕುಳಿಯ ಸುತ್ತಲಿನ, ಜಮಖಾನದಂತೆ ನುಣುಪಾದ ಹುಲ್ಲು ‘ಗ್ರೀನ್’. ಪಳಗಿದ ಆಟಗಾರ ಒಂದು ಕುಳಿಯನ್ನು ಎಷ್ಟು ಹೊಡೆತದಲ್ಲಿ ಮುಗಿಸಬೇಕೋ ಆ ಸಂಖ್ಯೆಗೆ ‘ಪಾರ್’ ಎಂದು ಹೆಸರು. ಸಾಮಾನ್ಯವಾಗಿ ಅದು 3, 4 ಅಥವಾ 5. ಆ ಸಂಖ್ಯೆಯಲ್ಲಿ ಎರಡು ಹೊಡೆತ ಗ್ರೀನಿನ ಮೇಲೆ ಚೆಂಡನ್ನು ತಳ್ಳುವುದಕ್ಕೇ ಮೀಸಲು. ಅಂದರೆ ಪಾರ್ 4ರ ಕುಳಿಯಲ್ಲಿ ಎರಡನೇ ಹೊಡೆತಕ್ಕೆ ಚೆಂಡು ಗ್ರೀನ್ ಸೇರಿರಬೇಕು. ಹದಿನೆಂಟೂ ಕುಳಿ ಸೇರಿ ಬಹುತೇಕ ಮೈದಾನಗಳಲ್ಲಿ 72.

ಹದಿನೆಂಟೇ ಏಕೆ? ಇದಕ್ಕೆ ದೊಡ್ಡ ತತ್ವವೇನೂ ಇಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಕಡಲತೀರದ ಮೈದಾನದಲ್ಲಿ ಒಂದು ಸುತ್ತು ಎಂದರೆ 22 ಕುಳಿ ಆಡುವ ರೂಢಿಯಿತ್ತು. 1764ರಲ್ಲಿ ಕೆಲವು ಗಿಡ್ಡ ಕುಳಿಗಳನ್ನು ಒಂದಕ್ಕೊಂದು ಸೇರಿಸಿದರು, 18 ಉಳಿಯಿತು. ಆ ಊರಿನ ಲೆಕ್ಕವೇ ಜಗತ್ತಿನ ಲೆಕ್ಕವಾಯಿತು. ಅದಕ್ಕೂ ಮುನ್ನೂರು ವರ್ಷ ಹಿಂದೆ, 1457ರಲ್ಲಿ, ಬಿಲ್ಲುವಿದ್ಯೆಯ ಅಭ್ಯಾಸ ಕೆಡುತ್ತದೆಂದು ಇದೇ ಆಟವನ್ನು ಸ್ಕಾಟ್ಲೆಂಡಿನ ಸಂಸತ್ತು ನಿಷೇಧಿಸಿತ್ತು! ನಿಷೇಧ ಎಷ್ಟು ಫಲ ಕೊಟ್ಟಿತೆಂಬುದು ಎಲ್ಲರಿಗೂ ಗೊತ್ತೇ ಇದೆ.

ಆ ಹಳೆಯ ಮೈದಾನಗಳನ್ನು ಯಾರೂ ವಿನ್ಯಾಸ ಮಾಡಿರಲಿಲ್ಲ. ಗಾಳಿ, ಮರಳು, ಮೇಯುವ ಕುರಿಗಳೇ ರೂಪಿಸಿದ ನೆಲ ಅದು. ಮುಂದೆ ಮೈದಾನ ಕಟ್ಟುವುದೇ ಒಂದು ಕಸುಬಾದಾಗ ಎರಡು ಪಂಥ ಹುಟ್ಟಿದವು. ತಪ್ಪಿದವನನ್ನು ಶಿಕ್ಷಿಸಬೇಕು ಎನ್ನುವುದು ಒಂದು: ಅಡ್ಡಲಾಗಿ ಗುಂಡಿ ತೋಡು, ದಾಟಿದರೆ ಬದುಕಿದ, ಇಲ್ಲದಿದ್ದರೆ ಹೋದ. ಆಟಗಾರನಿಗೆ ಆಯ್ಕೆ ಕೊಡಬೇಕು ಎನ್ನುವುದು ಇನ್ನೊಂದು: ಅಪಾಯದ ಪಕ್ಕದಲ್ಲೇ ಹತ್ತಿರದ ದಾರಿ, ದೂರದಲ್ಲಿ ಸುರಕ್ಷಿತ ದಾರಿ, ಯಾವುದು ಬೇಕೋ ಆರಿಸಿಕೊ. ಈ ಎರಡನೆಯ ಪಂಥದ ದೊಡ್ಡ ಹೆಸರು ಅಲಿಸ್ಟರ್ ಮೆಕೆಂಜಿ. ಈತ ವೃತ್ತಿಯಲ್ಲಿ ವೈದ್ಯ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸೈನ್ಯದ ಸರ್ಜನ್ ಆಗಿದ್ದಾಗ, ಬೋಯರ್ ರೈತರು ನೆಲದ ಉಬ್ಬುತಗ್ಗುಗಳಲ್ಲಿ ತಮ್ಮ ಕಂದಕಗಳನ್ನು ಕಣ್ಣಿಗೆ ಬೀಳದಂತೆ ಅಡಗಿಸುವುದನ್ನು ನೋಡಿದ. ಆ ಯುದ್ಧತಂತ್ರವನ್ನೇ ಮುಂದೆ ಗಾಲ್ಫಿಗೆ ತಂದ. ಅಮೆರಿಕದ ಅಗಸ್ಟಾ ಮೈದಾನವನ್ನು ಆತ ಬಾಬಿ ಜೋನ್ಸ್ ಜತೆ ರೂಪಿಸಿದ. ಅಲ್ಲಿ 1934ರಲ್ಲಿ ಮೊದಲ ಮಾಸ್ಟರ್ಸ್ ಪಂದ್ಯ ನಡೆಯುವ ವೇಳೆಗೆ ಮೆಕೆಂಜಿ ತೀರಿಕೊಂಡಿದ್ದ.

ಅಗಸ್ಟಾದ ಹದಿಮೂರನೇ ಕುಳಿ ಪಾರ್ 5. ಹಾದಿ ಎಡಕ್ಕೆ ತಿರುಗುತ್ತದೆ, ಗ್ರೀನಿನ ಮುಂದೆ ಒಂದು ತೊರೆ. ಎರಡನೇ ಹೊಡೆತದಲ್ಲೇ ತೊರೆ ದಾಟಿಸಿದರೆ ಒಂದು ಹೊಡೆತ ಲಾಭ. ತೊರೆಗೆ ಬಿದ್ದರೆ ದಂಡ. 1985ರ ಕೊನೆಯ ದಿನ ಮುಂಚೂಣಿಯಲ್ಲಿದ್ದ ಕರ್ಟಿಸ್ ಸ್ಟ್ರೇಂಜ್ ಇಲ್ಲಿ ದಾಟಿಸಲು ಹೋಗಿ ನೀರಿಗೆ ಹಾಕಿದ. ಹದಿನೈದನೇ ಕುಳಿಯಲ್ಲೂ ಅದನ್ನೇ ಮಾಡಿದ. ಪ್ರಶಸ್ತಿ ಜರ್ಮನಿಯ ಬರ್ನ್‌ಹಾರ್ಡ್ ಲಾಂಗರ್ ಪಾಲಾಯಿತು. ಇಪ್ಪತ್ತೆರಡು ವರ್ಷದ ನಂತರ, 2007ರಲ್ಲಿ, ಜ್ಯಾಕ್ ಜಾನ್ಸನ್ ಎಂಬಾತ ಅದೇ ಮೈದಾನಕ್ಕೆ ಬಂದ. ಅವನಿಗೆ ದೂರ ಹೊಡೆಯುವ ತೋಳ್ಬಲ ಇರಲಿಲ್ಲ. ನಾಲ್ಕು ದಿನದಲ್ಲಿ ಸಿಕ್ಕ ಹದಿನಾರು ಪಾರ್ 5 ಕುಳಿಗಳಲ್ಲಿ ಒಂದರಲ್ಲೂ ಎರಡನೇ ಹೊಡೆತಕ್ಕೆ ಗ್ರೀನ್ ಮುಟ್ಟಲು ಅವನು ಪ್ರಯತ್ನಿಸಲಿಲ್ಲ. ಪ್ರತಿ ಸಲವೂ ಚೆಂಡನ್ನು ಈಚೆಗೇ ನಿಲ್ಲಿಸಿ, ಮೂರನೇ ಹೊಡೆತವನ್ನು ಕುಳಿಯ ಪಕ್ಕಕ್ಕೆ ಇಳಿಸಿದ. ಆ ಹದಿನಾರು ಕುಳಿಗಳಲ್ಲೇ ಪಾರ್‌ಗಿಂತ 11 ಹೊಡೆತ ಉಳಿಸಿದ, ಟೈಗರ್ ವುಡ್ಸ್‌ನನ್ನು ಹಿಂದಿಕ್ಕಿ ಗೆದ್ದ. ಎರಡೂ ಕಥೆಯಲ್ಲಿ ಆಟಗಾರರ ಮುಂದಿದ್ದ ಪ್ರಶ್ನೆ ಒಂದೇ: ಎದುರಿಗಿರುವ ನೀರನ್ನು ಏನು ಮಾಡುವುದು?

ಈ ಪ್ರಶ್ನೆಯೊಂದಿಗೆ ನಮ್ಮ ಸೀಮೆಗೆ ಬರೋಣ. ಸ್ಕಾಟ್ಲೆಂಡಿನವರು ಇಲ್ಲಿ ಆಟಕ್ಕೆ ಮುಂಚೆ ಯುದ್ಧ ಆಡಿದವರು. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ನಂದಿದುರ್ಗವನ್ನು ಹತ್ತಿ ಗೆದ್ದಾಗ ಆ ದಾಳಿಯಲ್ಲಿ ಹೈಲ್ಯಾಂಡರ್ ಸೈನಿಕರಿದ್ದರು. ಗಾಲ್ಫ್ ಕೋಲುಗಳು ಬಂದದ್ದು ಬಹಳ ತಡವಾಗಿ, ಬೆಂಗಳೂರಿನ ದಂಡು ಪ್ರದೇಶದ ಮೂಲಕ. ಕಲ್ಕತ್ತದಲ್ಲಿ 1829ರಲ್ಲೇ ಗಾಲ್ಫ್ ಕ್ಲಬ್ ಹುಟ್ಟಿತ್ತು. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಸ್ಯಾಂಕಿ ರಸ್ತೆಯ ಬದಿಯಲ್ಲಿ, ಹೈಗ್ರೌಂಡ್ಸ್‌ನಲ್ಲಿ ಇಂದಿಗೂ ಇದೆ.

1876! ಈ ಇಸವಿಯನ್ನು ಹಳೆಯ ಮೈಸೂರಿನ ಹಳ್ಳಿಗಳು ಬೇರೆ ಕಾರಣಕ್ಕೆ ನೆನಪಿಟ್ಟುಕೊಂಡವು. ಅದು ಧಾತು ಸಂವತ್ಸರ. ಸತತವಾಗಿ ಮಳೆ ಕೈಕೊಟ್ಟು ಎರಡು ವರ್ಷ ದೇಶವನ್ನು ಸುಟ್ಟ ಮಹಾಕ್ಷಾಮದ ಆರಂಭ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಕ್ಲಬ್ಬಿಗೂ ಬರಕ್ಕೂ ಸಂಬಂಧವಿತ್ತೆಂದು ಹೇಳುತ್ತಿಲ್ಲ. ಎರಡೂ ಒಂದೇ ವರ್ಷದವು, ಅಷ್ಟೇ. ಆದರೆ ಎಂಥ ನೆಲದ ಮೇಲೆ ಈ ಆಟ ಬೇರೂರಬೇಕಿತ್ತು ಎಂಬುದನ್ನು ಆ ವರ್ಷವೇ ಹೇಳುತ್ತದೆ. ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರಲು 1890ರ ದಶಕದವರೆಗೆ ಕಾಯಬೇಕಾಯಿತು. ಆ ನೀರೂ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿದು ಬರುವ ಅರ್ಕಾವತಿಯದು.

ನೀರಿಲ್ಲದೆ ಹುಲ್ಲಿಲ್ಲ, ಹುಲ್ಲಿಲ್ಲದೆ ಗ್ರೀನ್ ಇಲ್ಲ. ಹಾಗಾದರೆ ಆಡುತ್ತಿದ್ದುದು ಹೇಗೆ? ಭಾರತದ ಒಣ ಮೈದಾನಗಳು ಇದಕ್ಕೆ ಕಂಡುಕೊಂಡ ಉಪಾಯ ‘ಬ್ರೌನ್’. ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳನ್ನು ಹರಡಿ ಸಮ ಮಾಡುವುದು. ಎಣ್ಣೆಯಿಂದಾಗಿ ಮರಳು ಗಾಳಿಗೆ ಹಾರುವುದಿಲ್ಲ. ಆಟಗಾರ ಚೆಂಡು ತಳ್ಳುವ ಮೊದಲು ಹೆಜ್ಜೆ ಗುರುತುಗಳನ್ನು ಹಲಗೆಯಿಂದ ಎಳೆದು ಅಳಿಸುತ್ತಾರೆ. ಕಣದಲ್ಲಿ ರಾಗಿ ಹರಡುವ ಕೆಲಸ ನೋಡಿದವರಿಗೆ ಇದರ ಚಿತ್ರ ಕಣ್ಣಿಗೆ ಬರಬಹುದು.

ಬ್ರೌನ್ ಇದ್ದ ಕಡೆ ಕುಳಿ ಆಡುವ ತಂತ್ರವೇ ಬೇರೆ. ಬಿಸಿಲಿಗೆ ಕಾದ ಗಟ್ಟಿ ನೆಲದ ಮೇಲೆ ಬಿದ್ದ ಚೆಂಡು ನಿಲ್ಲುವುದಿಲ್ಲ, ಓಡುತ್ತದೆ. ಆದ್ದರಿಂದ ಕುಳಿಗೇ ಗುರಿಯಿಟ್ಟು ಎತ್ತರಕ್ಕೆ ಹೊಡೆಯುವುದು ಮೂರ್ಖತನ. ಇಪ್ಪತ್ತು ಮೂವತ್ತು ಗಜ ಈಚೆಗೇ ಬೀಳಿಸಿ ಉಳಿದ ದೂರವನ್ನು ಉರುಳಲು ಬಿಡಬೇಕು. ಎಲ್ಲಿ ಬೀಳಿಸಿದರೆ ಎಷ್ಟು ಓಡುತ್ತದೆ, ಯಾವ ಕಲ್ಲಿಗೆ ತಾಗಿ ಎತ್ತ ಹೊರಳುತ್ತದೆ ಎನ್ನುವುದು ಆ ನೆಲದಲ್ಲಿ ದಿನಾ ನಡೆದವನಿಗೆ ಮಾತ್ರ ಗೊತ್ತು. ಒಮ್ಮೆ ಬ್ರೌನ್ ಮುಟ್ಟಿದರೆ ಮಾತ್ರ ನಿಶ್ಚಿಂತೆ: ಸಮತಟ್ಟು, ಓರೆಕೋರೆಯಿಲ್ಲ, ನೇರ ತಳ್ಳಿದರಾಯಿತು. ಸೇಂಟ್ ಆಂಡ್ರೂಸಿನ ಹಳಬರೂ ಗಾಳಿಗೆ ಹೆದರಿ ಚೆಂಡನ್ನು ನೆಲದ ಮೇಲೆಯೇ ಓಡಿಸುತ್ತಿದ್ದರು. ಆ ಲೆಕ್ಕದಲ್ಲಿ ನಮ್ಮ ಒಣ ಮೈದಾನದ ಆಟ ಮೂಲಕ್ಕೆ ಇನ್ನಷ್ಟು ಹತ್ತಿರದ್ದೇ.

ನೀರು ಬಂದಮೇಲೆ ಹುಲ್ಲು ಬಂತು. ಇಲ್ಲೊಂದು ತಮಾಷೆಯಿದೆ. ದಕ್ಷಿಣ ಭಾರತದ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವುದು ‘ಬರ್ಮುಡಾ’ ಜಾತಿಯ ಹುಲ್ಲು. ಹೆಸರು ಕೇಳಿದರೆ ಯಾವುದೋ ದ್ವೀಪದಿಂದ ಹಡಗಿನಲ್ಲಿ ತಂದಂತಿದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಕನ್ನಡದಲ್ಲಿ ಗರಿಕೆ! ಗಣಪತಿಯ ತಲೆಯ ಮೇಲಿಡುವ, ರಾಗಿ ಹೊಲದಲ್ಲಿ ರೈತ ಶಪಿಸುತ್ತ ಕಿತ್ತಷ್ಟೂ ಮತ್ತೆ ಚಿಗುರುವ ಅದೇ ಗರಿಕೆ. ಗ್ರೀನಿನ ಮೇಲೆ ಬೆಳೆಸುವುದು ಬಹುಮಟ್ಟಿಗೆ ಅದರ ಮಿಶ್ರತಳಿಗಳನ್ನು. ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸಿದರೂ ಸಾಯದೆ ನೆಲಕ್ಕೆ ಅಂಟಿಕೊಂಡು ಹಬ್ಬುವ ಗುಣವೇ ಅದಕ್ಕೆ ಈ ಭಾಗ್ಯ ತಂದಿತು. ಬೇಲಿಯ ಈಚೆ ಕಳೆ, ಆಚೆ ಮುದ್ದಿನ ಬೆಳೆ.

ಗರಿಕೆ ಬಂದಾಗ ಲೆಕ್ಕವೂ ಬದಲಾಯಿತು. ಈ ಹುಲ್ಲು ನೆಟ್ಟಗೆ ನಿಲ್ಲುವುದಿಲ್ಲ, ಒಂದು ದಿಕ್ಕಿಗೆ ಒರಗಿ ಬೆಳೆಯುತ್ತದೆ. ಬಟ್ಟೆಯ ಮೇಲೆ ಕೈ ಆಡಿಸಿದಾಗ ಒಂದು ಕಡೆ ನಯ, ಇನ್ನೊಂದು ಕಡೆ ಒರಟಾಗುವ ಹಾಗೆ, ಗರಿಕೆ ಒರಗಿದ ದಿಕ್ಕಿಗೆ ತಳ್ಳಿದ ಚೆಂಡು ಸರ್ರನೆ ಓಡುತ್ತದೆ, ಎದುರು ದಿಕ್ಕಿಗೆ ತಳ್ಳಿದ್ದು ಕುಂಟುತ್ತದೆ. ಅಡ್ಡಕ್ಕಿದ್ದರೆ ದಾರಿ ತಪ್ಪುತ್ತದೆ. ಅದನ್ನು ತಿಳಿಯುವುದು ಹೇಗೆ? ಹುಲ್ಲು ಹೊಳೆಯುವಂತೆ ಕಂಡರೆ ಅದು ನಮ್ಮಿಂದ ಆಚೆಗೆ ಒರಗಿದೆ ಎಂದರ್ಥ. ಕಪ್ಪಾಗಿ ಕಂಡರೆ ನಮ್ಮ ಕಡೆಗೆ. ಕುಳಿಯ ಅಂಚನ್ನು ನೋಡಿದರೂ ಸಾಕು: ಯಾವ ಬದಿಯಲ್ಲಿ ಅಂಚು ಸವೆದು ಒಣಗಿದೆಯೋ ಆ ಕಡೆಗೆ ಗರಿಕೆ ಹರಿಯುತ್ತಿದೆ. ತಳಿ ಹೊಸದಾದಷ್ಟೂ ಈ ಒರಗು ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿಲ್ಲ.

ಇದೆಲ್ಲ ಚೀಲ ಹೊರುವ ಕ್ಯಾಡಿಗಳಿಗೆ ಕರತಲಾಮಲಕ. ಮೈದಾನದ ಸುತ್ತಲ ಹಳ್ಳಿ ಬಡಾವಣೆಗಳಿಂದ ಬಂದ ಈ ಹುಡುಗರು ಹುಲ್ಲಿನ ಗುಣವನ್ನು ಪುಸ್ತಕದಿಂದ ಕಲಿಯಬೇಕಿರಲಿಲ್ಲ. ಕುಳಿ ಕುಳಿಯ ಗುಟ್ಟೂ ತಿಳಿದವರು ಅವರು. ಆದರೆ ಆಡುವವರು ಬೇರೆಯವರು. ಆ ಗೆರೆ ದಾಟಿದ ಕೆಲವರ ಹೆಸರು ಇಲ್ಲಿ ಹೇಳಲೇಬೇಕು. ಕ್ಯಾಡಿಯಾಗಿ ಆರಂಭಿಸಿದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಗುರುಗ್ರಾಮದ ಮೈದಾನದಲ್ಲಿ ಕೊರಿಯಾದ ಲೀ ಸಂಗ್ ಅವರನ್ನು ಹೆಚ್ಚುವರಿ ಕುಳಿಯಲ್ಲಿ ಸೋಲಿಸಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಬಳಿಯ ಮೈದಾನದಲ್ಲಿ ಆಟ ಕಲಿತ ಎಸ್. ಚಿಕ್ಕರಂಗಪ್ಪ ದೇಶದ ಅಗ್ರ ವೃತ್ತಿಪರರ ಸಾಲಿಗೆ ಬಂದರು.

ಬೆಂಗಳೂರಿನ ಅದಿತಿ ಅಶೋಕ್ ಹಾದಿ ಬೇರೆ. ಐದನೇ ವಯಸ್ಸಿಗೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ ಕೋಲು ಹಿಡಿದವರು. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರು. ಕೆಲವೇ ವಾರಗಳ ಹಿಂದೆ ಕೋವಿಡ್ ಬಂದು ಹೋಗಿ ಬಲ ಇನ್ನಷ್ಟು ಕುಗ್ಗಿತ್ತು. ಉಳಿದವರು ಸಣ್ಣ ಕೋಲಿನಿಂದ ಗ್ರೀನ್ ತಲುಪುವಲ್ಲಿ ಇವರು ದೊಡ್ಡ ಕೋಲು ಹಿಡಿಯಬೇಕಿತ್ತು. ಆದರೆ ಗ್ರೀನಿನ ಮೇಲೆ ಅವರ ಕೈ ತಪ್ಪಲಿಲ್ಲ. ನಾಲ್ಕು ದಿನದ ಕೊನೆಗೆ ಪಾರ್‌ಗಿಂತ 15 ಕಡಿಮೆ. ಕಂಚಿಗೆ ಒಂದೇ ಹೊಡೆತ ಸಾಲದೆ ನಾಲ್ಕನೆಯ ಸ್ಥಾನ. ಬೆಳಗಿನ ಜಾವ ಎದ್ದು ಟಿ.ವಿ. ಮುಂದೆ ಕುಳಿತು ‘ಪಾರ್’, ‘ಬರ್ಡಿ’ ಎಂದರೇನೆಂದು ಮಕ್ಕಳನ್ನು ಕೇಳಿದ ಮನೆಗಳು ಆ ಶನಿವಾರ ಎಷ್ಟಿದ್ದವೋ!

ಅದಿತಿ ಆಡಿ ಬೆಳೆದ ದೊಮ್ಮಲೂರು ಬಳಿಯ ಆ ಮೈದಾನ 1980ರ ದಶಕದಲ್ಲಿ ರೂಪುಗೊಂಡದ್ದು. ವಿನ್ಯಾಸ, ಐದು ಸಲ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಮತ್ತು ಮೈಕ್ ವುಲ್ವರಿಜ್ ಅವರದು. ಅಲ್ಲಿಯೂ ನೀರು ದಾಟಿಸಬೇಕಾದ ಕುಳಿಗಳಿವೆ. ಆದರೆ ಆ ಮೈದಾನ ಎದ್ದಿರುವುದೇ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಧರ್ಮಾಂಬುಧಿ ಬಸ್ ನಿಲ್ದಾಣವಾದಂತೆ, ಸಂಪಂಗಿ ಕ್ರೀಡಾಂಗಣವಾದಂತೆ, ಚಲ್ಲಘಟ್ಟ ಗಾಲ್ಫ್ ಮೈದಾನವಾಯಿತು. ಕೆರೆ ಹೋಗಿ ಕೊಳಗಳು ಉಳಿದವು. ಹಿಂದೆ ತೂಬು ತೆರೆದು ಗದ್ದೆಗೆ ಬಿಡುತ್ತಿದ್ದ ನೀರು ಆಟಗಾರನ ನಿರ್ಧಾರವನ್ನು ಪರೀಕ್ಷಿಸುವ ನೀರಾಯಿತು.

ಮತ್ತೆ ದೇವನಹಳ್ಳಿಗೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಈ ಸೀಮೆಯಲ್ಲಿ ಗಾಳಿ ಕೊಂಚ ತೆಳು. ಚೆನ್ನೈನಲ್ಲಿ ನೂರು ಗಜ ಹಾರುವ ಹೊಡೆತ ಇಲ್ಲಿ ಮೂರು ನಾಲ್ಕು ಗಜ ಹೆಚ್ಚು ಹಾರುತ್ತದೆ. ಇನ್ನೂರು ಗಜದ ಹೊಡೆತದಲ್ಲಿ ಆರೇಳು ಗಜ. ಕೊಳದ ಆಚೆ ದಡಕ್ಕೂ ಈಚೆ ದಡಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ಅಷ್ಟೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಬೀಸುವ ನೈಋತ್ಯದ ಗಾಳಿ ಎದುರಾದರೆ ಆ ಲಾಭವನ್ನೆಲ್ಲ ಕಸಿದುಕೊಳ್ಳುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದ ಕಡೆಯಿಂದ. ಆಗ ಅದೇ ಕುಳಿ ಬೇರೆಯೇ ಕುಳಿ. ಮಳೆ ಬಿದ್ದ ಮರುದಿನ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ, ಮಾರ್ಚ್‌ನಲ್ಲಿ ಅದು ಓಡಿ ಕೊಳಕ್ಕೆ ಇಳಿಯುತ್ತದೆ. ಜಾಣ ಆಟಗಾರ ಮೊದಲು ನೀರು ಯಾವ ಕಡೆಗಿದೆ ನೋಡುತ್ತಾನೆ. ಎಡಕ್ಕೆ ನೀರಿದ್ದರೆ ಟೀಯ ಎಡಬದಿಗೇ ನಿಂತು ಬಲಕ್ಕೆ ಮುಖ ಮಾಡುತ್ತಾನೆ. ಬಾವುಟ ಕೊಳದ ಅಂಚಿಗಿದ್ದರೆ ಬಾವುಟವನ್ನು ಮರೆತು ಗ್ರೀನಿನ ನಡುವಿಗೆ ಹೊಡೆಯುತ್ತಾನೆ. ನೀರಿಗೆ ಬಿದ್ದರೆ ಒಂದು ಹೊಡೆತ ದಂಡ, ಅಷ್ಟಕ್ಕೇ ಇಷ್ಟೆಲ್ಲ ಎಚ್ಚರ.

ಬೇಲಿಯ ಹೊರಗೂ ನೀರಿನದೇ ಲೆಕ್ಕ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಸದಾ ಹರಿಯುವ ನದಿಯಿಲ್ಲ. ಅಂತರ್ಜಲವನ್ನು ಅತಿಯಾಗಿ ಎತ್ತಿದ ತಾಲ್ಲೂಕುಗಳೆಂದು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಹೆಸರು ಸರ್ಕಾರಿ ವರದಿಗಳಲ್ಲಿ ಮತ್ತೆ ಮತ್ತೆ ಬಂದಿದೆ. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 4 ಮಿ.ಮೀ. ನೀರುಣಿಸಿದರೆ ಒಂದು ಎಕರೆಗೆ 16,000 ಲೀಟರ್ ಬೇಕು. ಹದಿನೆಂಟು ಕುಳಿಗಳ ಯಾವುದೇ ಮೈದಾನದಲ್ಲಿ 75 ಎಕರೆಗೆ ನೀರು ಹಾಯಿಸುತ್ತಾರೆಂದು ಇಟ್ಟುಕೊಂಡರೂ ದಿನಕ್ಕೆ 12 ಲಕ್ಷ ಲೀಟರ್. ತಲೆಗೆ 55 ಲೀಟರ್ ಎಂಬ ಗ್ರಾಮೀಣ ಕುಡಿಯುವ ನೀರಿನ ಮಾನದಂಡದಲ್ಲಿ ಅದು ಸುಮಾರು 22,000 ಜನರ ಪಾಲು. ಅದಕ್ಕೇ ಇಂದು ಈ ಆಟದಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಮಳೆನೀರಿನ ಸಂಗ್ರಹದ ಮಾತು ದೊಡ್ಡದಾಗಿದೆ. ಕೆರೆಗಳ ಮಾತೂ ಅದೇ. ಬೆಂಗಳೂರಿನ ಬಚ್ಚಲ ನೀರನ್ನು ಸಂಸ್ಕರಿಸಿ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಹರಿಸಲಾಗಿದೆ. ಕೋಲಾರದ ಕೆರೆಗಳಿಗೆ 2018ರಿಂದ ನೀರು ತರುತ್ತಿರುವ ಯೋಜನೆಯ ಹೆಸರು ಕೋರಮಂಗಲ-ಚಲ್ಲಘಟ್ಟ ಕಣಿವೆ. ಹೌದು, ಅದೇ ಚಲ್ಲಘಟ್ಟ.

ನೀರು ಕಡಿಮೆಯಾದರೆ ಆಟ ಕೆಡುವುದೇ? ಅಮೆರಿಕದ ಪೈನ್‌ಹರ್ಸ್ಟ್‌ನ ಎರಡನೇ ಮೈದಾನದಲ್ಲಿ 2010-11ರಲ್ಲಿ ಒಂದು ಪ್ರಯೋಗ ನಡೆಯಿತು. ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಎಂಬ ವಿನ್ಯಾಸಕಾರರು ಹಾದಿಯ ಎರಡೂ ಬದಿಯ 35 ಎಕರೆಗೂ ಹೆಚ್ಚು ಗರಿಕೆಯನ್ನು, ಹೌದು, ಗರಿಕೆಯನ್ನೇ, ಕಿತ್ತುಹಾಕಿದರು. ಸುಮಾರು 1,150 ಇದ್ದ ನೀರು ಚಿಮ್ಮುವ ನಳಿಗೆಗಳು 450ಕ್ಕೆ ಇಳಿದವು. ಹುಲ್ಲಿದ್ದ ಕಡೆ ಮರಳು, ಕಾಡುಗಿಡ ಬಂತು. ಟಿ.ವಿ.ಯಲ್ಲಿ ನೋಡಿದವರು ಮೈದಾನ ಒಣಗಿದೆ ಎಂದು ಮೂಗು ಮುರಿದರು. 2014ರಲ್ಲಿ ಅಲ್ಲೇ ಯು.ಎಸ್. ಓಪನ್ ನಡೆಯಿತು. ಹಾದಿ ತಪ್ಪಿದ ಚೆಂಡು ಒಮ್ಮೆ ಸ್ವಚ್ಛ ಮರಳಿನ ಮೇಲೆ, ಒಮ್ಮೆ ಪೊದೆಯ ಬುಡದಲ್ಲಿ. ಹೊಡೆದು ದಾಟಿಸಲೇ, ಪಕ್ಕಕ್ಕೆ ತಳ್ಳಿ ಬದುಕಲೇ ಎಂದು ಆಟಗಾರ ಪ್ರತಿ ಸಲ ಹೊಸದಾಗಿ ಯೋಚಿಸಬೇಕಾಯಿತು.

ಅಂಥದ್ದು ಇಲ್ಲಿ ಬಂದರೆ ಹುಲ್ಲಿನ ಹಾದಿಯ ಅಂಚಿಗೆ ಮರಳಿನ ಬದಲು ದೇವನಹಳ್ಳಿಯ ಕೆಂಪು ಮಣ್ಣು ಇರುತ್ತದೆ. ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ, ಮಳೆಗಾಲದಲ್ಲಿ ಅಂಟು. ಗಟ್ಟಿ ನೆಲದಿಂದ ಹೊಡೆಯುವಾಗ ಚೆಂಡನ್ನು ನಿಂತ ನಿಲುವಿನಲ್ಲಿ ಕೊಂಚ ಹಿಂದಕ್ಕಿಟ್ಟು, ಕೋಲು ಮಣ್ಣಿಗೆ ತಾಗುವ ಮೊದಲೇ ಚೆಂಡಿಗೆ ತಾಗುವಂತೆ ನೋಡಿಕೊಳ್ಳಬೇಕು. ಎತ್ತರಕ್ಕೆ ಎತ್ತಬಾರದು, ತಗ್ಗಿನಲ್ಲಿ ಹಾರಿಸಿ ಓಡಲು ಬಿಡಬೇಕು. ಬ್ರೌನ್‌ಗಳ ಕಾಲದ ಕ್ಯಾಡಿಗಳು ದಿನಾ ನೋಡುತ್ತಿದ್ದುದು ಇದೇ ಹೊಡೆತವನ್ನು.